ಸೇವೆಯಿಂದ ಹಕ್ಕಿನೆಡೆಗೆ: ಬೆಂಗಳೂರಿನ ಕೈಗಾರಿಕಾ ಅಂಚಿನಲ್ಲಿ ಅಂಬೇಡ್ಕರ್ ಜಯಂತಿ

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹೊರ ಅಂಚಿನ ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ಸ್ ಸಿಟಿ ಪ್ರದೇಶಗಳಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಜಯಂತಿಯು ಎರಡು ಬಗೆಗಳಲ್ಲಿ ಆಚರಣೆಗೊಳ್ಳುತ್ತದೆ. ಹಳೆಯ ಊರುಗಳ ಕೇರಿಗಳಲ್ಲಿ, ಜನತಾ ಕಾಲೋನಿಗಳಲ್ಲಿ, ಕಾರ್ಖಾನೆಗಳ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನೌಕರರ ಸಂಘಗಳಲ್ಲಿ ನಡೆಯುವುದು ಒಂದು ಬಗೆ. ಅಲ್ಲಿ ನೀಲಿ ಬಾವುಟ, ತಮಟೆ, ಭಾವಚಿತ್ರದ ಮೆರವಣಿಗೆ, ಅನ್ನಸಂತರ್ಪಣೆ, ಮಕ್ಕಳಿಗೆ ನೋಟ್‌ಬುಕ್ ವಿತರಣೆ ಇರುತ್ತವೆ. ಕಂಪನಿಗಳು, ಬಡಾವಣೆಯ ಸಂಘಗಳು ಮತ್ತು ವಿದ್ಯಾಸಂಸ್ಥೆಗಳು ಏರ್ಪಡಿಸುವ ಸೇವಾ ಕಾರ್ಯಕ್ರಮಗಳು ಇನ್ನೊಂದು ಬಗೆ. ರಕ್ತದಾನ, ಸಸಿ ನೆಡುವುದು, ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ಇವುಗಳ ಸಾಮಾನ್ಯ ಸ್ವರೂಪ. ಎರಡರಲ್ಲಿಯೂ ಸಮಾನವಾಗಿ ಬಳಕೆಯಾಗುವ ಪದವೆಂದರೆ 'ಸೇವೆ'. ಹುಟ್ಟಿನ ಕಾರಣಕ್ಕಾಗಿ ಹೇರಲಾಗಿದ್ದ ಸೇವೆಯನ್ನು ನಿರಾಕರಿಸುವುದನ್ನೇ ತನ್ನ ಹೋರಾಟದ ಆರಂಭಬಿಂದುವಾಗಿಸಿಕೊಂಡ ಚಿಂತಕನೊಬ್ಬನನ್ನು ಸೇವೆಯ ಮೂಲಕ ಗೌರವಿಸುವುದೆಂದರೆ ಏನು ಎಂಬ ಪ್ರಶ್ನೆಯನ್ನು ಪ್ರಸ್ತುತ ಬರಹ ಚರ್ಚೆಗೆ ಎತ್ತಿಕೊಳ್ಳುತ್ತದೆ.

ಮೊದಲಿಗೆ ಭಾಷೆಯ ನೆಲೆಯಿಂದಲೇ ಈ ಪ್ರಶ್ನೆಯನ್ನು ನೋಡಬಹುದು. ಸೇವೆ ಎಂಬುದಕ್ಕೆ ಕನ್ನಡದಲ್ಲಿ ದೀರ್ಘವಾದ ಸಾಮಾಜಿಕ ಚರಿತ್ರೆಯಿದೆ. ದೇವರಿಗೆ ಸಲ್ಲುವುದೂ ಸೇವೆ, ಒಡೆಯನಿಗೆ ಸಲ್ಲುವುದೂ ಸೇವೆ. ಅದರ ಸಮೀಪದ ಪದವಾದ 'ಊಳಿಗ'ವು 'ಮಾನ್ಯ'ದೊಡನೆ ಸೇರಿ 'ಊಳಿಗಮಾನ್ಯ'ವಾಗಿ ಇಡೀ ಒಂದು ಶೋಷಕ ವ್ಯವಸ್ಥೆಗೆ ಹೆಸರಾಯಿತು. ಶಾಸನಗಳಲ್ಲಿ ಕಾಣಸಿಗುವ 'ಬಿಟ್ಟಿ'ಯು ಕೂಲಿಯಿಲ್ಲದ ಕಡ್ಡಾಯ ದುಡಿಮೆ. ಚಾಕರಿ, ತೋಟಿ, ತಳವಾರಿಕೆಗಳು ಕೇವಲ ವೃತ್ತಿಸೂಚಕಗಳಲ್ಲ. ಯಾರು ಯಾರಿಗೆ ದುಡಿಯಬೇಕೆಂಬ ಆಜ್ಞೆಗಳು. ದಲಿತ ಸಂಘರ್ಷ ಸಮಿತಿಯ ಚರಿತ್ರೆಯ ಮುಖ್ಯ ಘಟ್ಟಗಳಲ್ಲೊಂದಾದ ಚಂದ್ರಗುತ್ತಿಯ ಪ್ರತಿರೋಧವು 1986ರಲ್ಲಿ ನಡೆದದ್ದು ಸೇವೆಯೆಂದೇ ಕರೆಯಲಾಗುತ್ತಿದ್ದ ಒಂದು ಆಚರಣೆಯ ವಿರುದ್ಧ, ಬೆತ್ತಲೆ ಸೇವೆಯ ವಿರುದ್ಧ, ಎಂಬುದನ್ನು ಇಲ್ಲಿ ನೆನೆಯಬೇಕು. ವಚನಕಾರರು ಕಾಯಕ ಮತ್ತು ದಾಸೋಹ ಎಂಬ ಪರಿಕಲ್ಪನೆಗಳ ಮೂಲಕ ಈ ಮೇಲುಕೀಳಿನ ಸಂಬಂಧವನ್ನು ಮುರಿಯಲು ಯತ್ನಿಸಿದರು. ಆದರೆ ದಾನ ಮತ್ತು ಸೇವೆಗಳ ಒಳಗಿದ್ದ ಶ್ರೇಣಿ ಸಂಪೂರ್ಣವಾಗಿ ಅಳಿಯಲಿಲ್ಲ. ಇದಕ್ಕೆ ಎದುರಾಗಿ 'ಹಕ್ಕು' ಎಂಬ ಪದವು ಅರಬ್ಬಿ ಮೂಲದಿಂದ ಬಂದು ಕನ್ನಡದ ನೆಲದಲ್ಲಿ ಬೇರೂರಿದೆ. ಸೇವೆಯಲ್ಲಿ ಕೊಡುವವನ ಮನಸ್ಸು ಮುಖ್ಯ. ಹಕ್ಕಿನಲ್ಲಿ ಪಡೆಯುವವನ ಸ್ಥಾನ ಮುಖ್ಯ. ಈ ಎರಡು ಪದಗಳ ನಡುವಿನ ಅಂತರವೇ ಜಯಂತಿಯ ಆಚರಣೆಯನ್ನು ಅಳೆಯಲು ನಮಗಿರುವ ಮಾನದಂಡ.

ಅಂಬೇಡ್ಕರ್ ಅವರ ಬದುಕಿನಲ್ಲಿ ಸ್ವಯಂಸೇವೆಗೆ ಸ್ಥಾನವಿರಲಿಲ್ಲವೆಂದು ಇದರ ಅರ್ಥವಲ್ಲ. 1924ರಲ್ಲಿ ಅವರು ಆರಂಭಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯು ಮರುವರ್ಷವೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆಯಿತು. ಅದೇ 1925ರಲ್ಲಿ ಅವರು ನಿಪ್ಪಾಣಿಯ ಸಮ್ಮೇಳನದಲ್ಲಿ ಭಾಗವಹಿಸಿದರು. ಕನ್ನಡ ಮಾತು ಕೇಳಿಬರುವ ಪ್ರದೇಶಗಳಿಗೂ ಈ ಚರಿತ್ರೆಗೂ ಇರುವ ನಂಟು ಹೀಗೆ ಮೊದಲಿನಿಂದಲೂ ಇದೆ. ಸಮತಾ ಸೈನಿಕ ದಳವು ಸ್ವಯಂಸೇವಕರ ಪಡೆಯೇ ಆಗಿತ್ತು. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗೆ ನಡೆದ ಸಾವಿರಾರು ಜನರೂ ಸ್ವಯಂಪ್ರೇರಣೆಯಿಂದಲೇ ಬಂದವರು. ಆದರೆ ಅವರು ಅಲ್ಲಿ ಬಾಯಾರಿದವರಿಗೆ ನೀರು ಕೊಡಲು ಹೋಗಿರಲಿಲ್ಲ. ಎಲ್ಲರಿಗೂ ಸೇರಿದ ಕೆರೆಯಿಂದ ತಾವೇ ನೀರು ತೆಗೆದುಕೊಳ್ಳಲು ಹೋಗಿದ್ದರು. ಮರುವರ್ಷ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅವರು ಮಂಡಿಸಿದ ವತನು ಮಸೂದೆಯ ಉದ್ದೇಶವೂ ಮಹಾರರನ್ನು ವಂಶಪಾರಂಪರ್ಯವಾದ ಗ್ರಾಮಸೇವೆಯಿಂದ ಬಿಡುಗಡೆ ಮಾಡುವುದೇ ಆಗಿತ್ತು. ಮುಂದೆ ಸಂವಿಧಾನದ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನೇ ನಿಷೇಧಿಸಿತು. ಹೀಗೆ ಅಂಬೇಡ್ಕರ್ ಪರಂಪರೆಯ ಸ್ವಯಂಸೇವೆಯೆಂದರೆ ಹಕ್ಕನ್ನು ಚಲಾಯಿಸುವವರ ಜೊತೆಗೆ ನಿಲ್ಲುವುದು.

ಈ ತಾತ್ವಿಕ ಹಿನ್ನೆಲೆಯಲ್ಲಿ ಬೆಂಗಳೂರಿನ ಹೊರವಲಯವನ್ನು ಗಮನಿಸಿದಾಗ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು ನಿರ್ಬಂಧಿಸುವ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. ಎಂದೇ ಪರಿಚಿತವಾಗಿರುವ ಕಾಯ್ದೆಯೂ 1978ರದೇ. ನಗರವು ಹಳ್ಳಿಗಳತ್ತ ಚಾಚಿಕೊಳ್ಳಲು ಸಜ್ಜಾದ ವರ್ಷವೇ ಹಳ್ಳಿಯ ಅತ್ಯಂತ ದುರ್ಬಲನ ಭೂಮಿಗೆ ಕಾನೂನಿನ ರಕ್ಷಣೆ ಒದಗಿತೆಂಬುದು ಕಾಕತಾಳೀಯವಾದರೂ ಅರ್ಥಪೂರ್ಣವಾದುದು. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆಯಿಂದಾಗಿ ತೋಟಿ, ತಳವಾರರ ಊಳಿಗ ನಿಂತು, ಅವರ ಇನಾಮು ಜಮೀನು ಅವರದೇ ಆಗಬೇಕಿತ್ತು. ಆದರೆ ನಗರದ ಅಂಚಿನಲ್ಲಿ ಎಕರೆಯ ಬೆಲೆ ಏರಿದಂತೆ ಸಾಗುವಳಿ ಚೀಟಿಯು ಒಬ್ಬರ ಪೆಟ್ಟಿಗೆಯಲ್ಲಿಯೂ ಜಮೀನು ಇನ್ನೊಬ್ಬರ ವಶದಲ್ಲಿಯೂ ಉಳಿದ ನಿದರ್ಶನಗಳು ಕಂದಾಯ ನ್ಯಾಯಾಲಯಗಳಿಗೆ ಹೊಸವಲ್ಲ. ಜಮೀನನ್ನು ಮರಳಿ ಕೊಡಿಸುವ ಅರ್ಜಿಗೆ ಕಾಲಮಿತಿಯ ಅಡ್ಡಿಯಾಗಬಾರದೆಂದು ರಾಜ್ಯ ಶಾಸಕಾಂಗವು 2023ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಗೆ ತಿದ್ದುಪಡಿ ತಂದದ್ದಕ್ಕೆ ಇದೇ ಹಿನ್ನೆಲೆ.

ವೈಟ್‌ಫೀಲ್ಡಿನ ಚರಿತ್ರೆ ಬೇರೆ ಬಗೆಯದು. 1882ರಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯದ ನೆಲೆಯಾಗಿ ಆರಂಭವಾದ ಈ ಊರು ಒಂದು ಶತಮಾನದ ನಂತರ ತಂತ್ರಾಂಶದ ಊರಾಯಿತು. ಆದರೆ ಇಲ್ಲಿನ ಕಚೇರಿಗಳನ್ನು ಕಾಯುವ, ಗುಡಿಸುವ, ಇವುಗಳ ಅಡುಗೆಮನೆಗಳಲ್ಲಿ ದುಡಿಯುವ ಜನರಲ್ಲಿ ಅನೇಕರು ಕೋಲಾರ ಚಿನ್ನದ ಗಣಿ ಪ್ರದೇಶದಿಂದ ರೈಲಿನಲ್ಲಿ ಬಂದುಹೋಗುವವರು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಬಂಗಾರಪೇಟೆ, ಮಾಲೂರು ಮಾರ್ಗದ ಬೆಳಗಿನ ರೈಲುಗಳೇ ಕೆ.ಜಿ.ಎಫ್.ನ ಸಾವಿರಾರು ಕುಟುಂಬಗಳಿಗೆ ಜೀವನಾಧಾರವಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಯೋತಿ ದಾಸರ ಪ್ರಭಾವದಿಂದ ಗಣಿ ಕಾರ್ಮಿಕರ ನಡುವೆ ಬೌದ್ಧ ಸಂಘ ಹುಟ್ಟಿದ ಪ್ರದೇಶ ಅದು. ಹೀಗಾಗಿ ವೈಟ್‌ಫೀಲ್ಡಿನ ಯಾವುದಾದರೂ ಕಂಪನಿಯು ತನ್ನ ಉದ್ಯೋಗಿಗಳಿಗೆ ಅಂಬೇಡ್ಕರ್ ಅವರನ್ನು ಪರಿಚಯಿಸಲು ಹೊರಟಾಗ, ಅವರನ್ನು ತಲೆಮಾರುಗಳಿಂದ ಬಲ್ಲವರು ಆ ಕಟ್ಟಡದ ಬಾಗಿಲಲ್ಲಿಯೇ ಸಮವಸ್ತ್ರ ಧರಿಸಿ ನಿಂತಿರುವ ಸಾಧ್ಯತೆಯಿದೆ. ಪೀಣ್ಯದಲ್ಲಾದರೋ ಸಣ್ಣ ಯಂತ್ರೋಪಕರಣ ಘಟಕಗಳು ಮತ್ತು ಗಾರ್ಮೆಂಟ್ಸ್ ಕಾರ್ಖಾನೆಗಳು ಅಕ್ಕಪಕ್ಕದಲ್ಲಿವೆ. ದೂರದ ಜಿಲ್ಲೆಗಳಿಂದ ಬಂದ ಕುಟುಂಬಗಳು ಊರಿನ ಜಾತಿಯನ್ನು ಹಿಂದೆ ಬಿಟ್ಟು ಬಂದೆವೆಂದುಕೊಂಡರೂ, ಬಾಡಿಗೆ ಮನೆಯ ಮಾಲೀಕರ ಮೊದಲ ಪ್ರಶ್ನೆಯಲ್ಲಿ ಅದು ಮತ್ತೆ ಎದುರಾಗುತ್ತದೆ.

ಇಂತಹ ಪರಿಸರದಲ್ಲಿ ಕೇರಿಯ ಜಯಂತಿಯನ್ನು ಲಘುವಾಗಿ ಕಾಣುವುದು ತಪ್ಪಾಗುತ್ತದೆ. ಮೆರವಣಿಗೆ, ಹೂವಿನ ಹಾರ, ಧ್ವನಿವರ್ಧಕಗಳ ಅಬ್ಬರದಲ್ಲಿ ಅಂಬೇಡ್ಕರ್ ದೇವರಾಗುತ್ತಿದ್ದಾರೆ ಎಂಬ ಟೀಕೆ ವಿದ್ವತ್ ವಲಯದಲ್ಲಿ ಬಹುಕಾಲದಿಂದ ಇದೆ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ, ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಸರ್ವಾಧಿಕಾರಕ್ಕೆ ದಾರಿಯಾಗುತ್ತದೆಂದು ಸ್ವತಃ ಅಂಬೇಡ್ಕರ್ ಎಚ್ಚರಿಸಿದ್ದನ್ನು ಈ ಟೀಕಾಕಾರರು ಉಲ್ಲೇಖಿಸುತ್ತಾರೆ. ಈ ಎಚ್ಚರಿಕೆ ಇಂದಿಗೂ ಅಗತ್ಯವಾದುದೇ. ಆದರೆ ಟೀಕೆಯು ಕಾಣದಿರುವ ಇನ್ನೊಂದು ಮುಖವೂ ಇದೆ. ಯಾರು ಮುಟ್ಟಿದ ನೀರನ್ನು ಊರು ಕುಡಿಯುತ್ತಿರಲಿಲ್ಲವೋ ಅವರು ಇಂದು ಮುಖ್ಯರಸ್ತೆಯಲ್ಲಿ ಷಾಮಿಯಾನ ಹಾಕಿ, ಬಂದವರಿಗೆಲ್ಲ ಪಾನಕ, ಮಜ್ಜಿಗೆ, ಊಟ ನೀಡುತ್ತಾರೆ. ಕೊಡುವ ಸ್ಥಾನವನ್ನೇ ನಿರಾಕರಿಸಲಾಗಿದ್ದ ಸಮುದಾಯವು ಕೊಡುವ ಸ್ಥಾನದಲ್ಲಿ ನಿಲ್ಲುವುದು ಸೇವೆಯ ರೂಪದಲ್ಲಿರುವ ಹಕ್ಕಿನ ಘೋಷಣೆ. ಊರೊಳಗಿನ ಬೀದಿಯಲ್ಲಿ ಮೆರವಣಿಗೆ ಸಾಗುವುದೂ ಹಾಗೆಯೇ. ಬೀದಿ ಎಲ್ಲರದೆಂದು ಅದು ಮಾತಿಲ್ಲದೆ ಸಾರುತ್ತದೆ. ಎಸ್.ಎಸ್.ಎಲ್.ಸಿ. ಉತ್ತೀರ್ಣಳಾದ ಹುಡುಗಿಗೆ ಕೇರಿಯ ಎದುರು ಶಾಲು ಹೊದಿಸಿದಾಗ ಅವಳ ಕಿರಿಯರು ಕಲಿಯುವುದನ್ನು ಯಾವ ಸರ್ಕಾರಿ ಜಾಹೀರಾತೂ ಕಲಿಸಲಾರದು.

ಎರಡನೆಯ ಬಗೆಯ ಆಚರಣೆಯ ವಿಚಾರದಲ್ಲಿ ಈ ಮಾತನ್ನು ಅಷ್ಟು ಸುಲಭವಾಗಿ ಹೇಳಲಾಗದು. 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣವು ನಿಗದಿತ ಗಾತ್ರದ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಚಟುವಟಿಕೆಗಳಿಗೆ ವೆಚ್ಚ ಮಾಡಬೇಕೆಂದು ವಿಧಿಸಿತು. ಇದರಿಂದ ಶಾಲೆಗಳಿಗೆ ಕೊಠಡಿ, ಶೌಚಾಲಯ, ಕಂಪ್ಯೂಟರ್ ದೊರೆತಿರುವುದು ನಿಜ. ಅದೇ 2013ರಲ್ಲಿ ಸಂಸತ್ತು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಮತ್ತೊಂದು ಕಾಯ್ದೆಯನ್ನೂ ಅಂಗೀಕರಿಸಿತು. ಒಳಚರಂಡಿ ಮತ್ತು ಮಲಗುಂಡಿಗಳಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಅದರಂತೆ ಅಪರಾಧ. ಇಂತಹ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು 2014ರಲ್ಲಿ ನಿಗದಿಪಡಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಗಿ ಬಂದದ್ದೇ ಅಪರಾಧ ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ಹೊರವಲಯದ ಬಹುಮಹಡಿ ವಸತಿ ಸಮುಚ್ಚಯಗಳಿಗೆ ತಮ್ಮದೇ ಕೊಳಚೆನೀರು ಸಂಸ್ಕರಣಾ ಘಟಕಗಳಿರುತ್ತವೆ. ಸಮುಚ್ಚಯದ ನಿವಾಸಿಗಳು ಜಯಂತಿಯಂದು ಸಸಿ ನೆಡುವುದಕ್ಕೂ, ತಮ್ಮ ಘಟಕವನ್ನು ಯಾರು, ಯಾವ ಸಾಧನಗಳೊಡನೆ, ಯಾವ ಗುತ್ತಿಗೆಯ ಮೇರೆಗೆ ಶುಚಿಗೊಳಿಸುತ್ತಾರೆಂದು ವಿಚಾರಿಸುವುದಕ್ಕೂ ಬೇಕಾಗುವ ಸಮಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು ಭಾವಚಿತ್ರಕ್ಕೆ ಸಲ್ಲುವ ಗೌರವ. ಎರಡನೆಯದು ವಿಚಾರಕ್ಕೆ ಸಲ್ಲುವ ಗೌರವ.

ಈ ಸಮಸ್ಯೆ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಜನ್ಮದಿನದ ರಜೆಗೆ 1983ರಲ್ಲಿ ಕಾನೂನಿನ ಒಪ್ಪಿಗೆ ದೊರೆತು, 1986ರಿಂದ ಅದು ಆಚರಣೆಗೆ ಬಂದಿತು. 1994ರ ಕಾನೂನು ಆ ದಿನವನ್ನು ಸೇವೆಯ ದಿನವನ್ನಾಗಿಯೂ ರೂಪಿಸಿತು. ಎಲೆಕ್ಟ್ರಾನಿಕ್ಸ್ ಸಿಟಿ ಮತ್ತು ವೈಟ್‌ಫೀಲ್ಡಿನಲ್ಲಿ ಶಾಖೆಗಳಿರುವ ಅನೇಕ ಕಂಪನಿಗಳಿಗೆ ಈ ಮಾದರಿ ಪರಿಚಿತವಾದುದು. ಆದರೆ ಕಿಂಗ್ ಅವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೆಂಫಿಸ್ ನಗರದ ನೈರ್ಮಲ್ಯ ಕಾರ್ಮಿಕರ ಮುಷ್ಕರದ ಜೊತೆಯಲ್ಲಿ. ಕಸದ ವಾಹನದ ಯಂತ್ರಕ್ಕೆ ಸಿಲುಕಿ ಇಬ್ಬರು ಕಾರ್ಮಿಕರು ಮೃತಪಟ್ಟದ್ದು ಆ ಮುಷ್ಕರಕ್ಕೆ ಕಾರಣಗಳಲ್ಲೊಂದು. ಅಲ್ಲಿಯೇ 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಅವರು ಬೀದಿ ಗುಡಿಸಿ ಕಾರ್ಮಿಕರ ಸೇವೆ ಮಾಡಲಿಲ್ಲ. ಬೀದಿ ಗುಡಿಸುವವರ ಕೂಲಿ ಮತ್ತು ಘನತೆಯ ಬೇಡಿಕೆಗೆ ಧ್ವನಿಗೂಡಿಸಿದರು. ನಾಯಕನ ಹೆಸರು ಸೇವೆಯ ದಿನವಾಗಿ ಉಳಿದು ಅವನ ಬೇಡಿಕೆಗಳು ಮರೆಯಾಗುವ ಅಪಾಯವನ್ನು ಅಲ್ಲಿನ ವಿಮರ್ಶಕರೂ ಗುರುತಿಸಿದ್ದಾರೆ. 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಕೆಲಸದ ಖಾಯಮಾತಿಗಾಗಿ ಮುಷ್ಕರ ಹೂಡಿದಾಗ ಅವರು ಕೇಳಿದ್ದೂ ಜಯಂತಿಯ ಸನ್ಮಾನವನ್ನಲ್ಲ, ಸಮಾನ ನೌಕರಿಯ ಸ್ಥಾನವನ್ನು.

ಕಾರ್ಮಿಕರ ಹಕ್ಕುಗಳು ಅಂಬೇಡ್ಕರ್ ಜಯಂತಿಯ ವಿಷಯವೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಆಶ್ಚರ್ಯಕರ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದ ಅವರ ಅವಧಿಯಲ್ಲಿಯೇ ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಗಳಿಂದ 48ಕ್ಕೆ ಇಳಿಸುವ ಮಸೂದೆ ರೂಪುಗೊಂಡಿತು. 1946ರಲ್ಲಿ ಅದು ಕಾನೂನಾಯಿತು. 1948ರ ಕನಿಷ್ಠ ವೇತನ ಕಾಯ್ದೆ ಮತ್ತು ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಗಳ ಪೂರ್ವಸಿದ್ಧತೆ ನಡೆದದ್ದೂ ಆ ಅವಧಿಯಲ್ಲಿಯೇ. ಈ ಕಾಯ್ದೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಅಡಕಗೊಂಡಿವೆ. ಪೀಣ್ಯದ ಇ.ಎಸ್.ಐ. ಆಸ್ಪತ್ರೆಯ ಮುಂದೆ ಸರತಿಯಲ್ಲಿ ನಿಂತ ಕಾರ್ಮಿಕ ಮಹಿಳೆಗೆ ಆ ಚೀಟಿಯ ಹಿಂದೆ ಯಾರ ಶ್ರಮವಿದೆಯೆಂದು ತಿಳಿಸುವ ಹೊಣೆ ಜಯಂತಿಯ ವೇದಿಕೆಯದಲ್ಲದೆ ಇನ್ನಾರದು?

2016ರ ಏಪ್ರಿಲ್ ತಿಂಗಳ ಒಂದು ವಾರವನ್ನು ಈ ದೃಷ್ಟಿಯಿಂದ ಓದಬೇಕು. ಆ ತಿಂಗಳ 14ರಂದು ಅಂಬೇಡ್ಕರ್ ಅವರ 125ನೆಯ ಜನ್ಮವರ್ಷಾಚರಣೆಯ ಸಮಾರೋಪ ದೇಶದಾದ್ಯಂತ ನಡೆಯಿತು. ಅದಾದ ನಾಲ್ಕೇ ದಿನಗಳಲ್ಲಿ, 18 ಮತ್ತು 19ರಂದು, ಬೊಮ್ಮನಹಳ್ಳಿಯ ಹೊಸೂರು ರಸ್ತೆ, ಹೆಬ್ಬಗೋಡಿ, ಪೀಣ್ಯದ ಜಾಲಹಳ್ಳಿ ಕ್ರಾಸ್‌ಗಳಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಬಹುಪಾಲು ಮಹಿಳೆಯರು. ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲವೆಂಬ ಕೇಂದ್ರದ ಅಧಿಸೂಚನೆ ಅವರನ್ನು ಕೆರಳಿಸಿತ್ತು. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಕೆಲಸ ಬಿಟ್ಟ ಮೇಲಿನ ತಿಂಗಳುಗಳು, ಎಲ್ಲಕ್ಕೂ ಅವರು ನಂಬಿದ್ದ ಹಣ ಅದೊಂದೇ. ದೊಡ್ಡ ಸಂಘಟನೆಗಳ ಕರೆಯಿಲ್ಲದೆ ಆರಂಭವಾದ ಈ ಪ್ರತಿಭಟನೆಯಲ್ಲಿ ಲಾಠಿ ಪ್ರಹಾರವೂ, ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಗಳೂ ನಡೆದವು. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಜಯಂತಿಯನ್ನು ಒಂದು ಪುಟದಲ್ಲಿಯೂ ಪಿ.ಎಫ್. ಪ್ರತಿಭಟನೆಯನ್ನು ಮತ್ತೊಂದು ಪುಟದಲ್ಲಿಯೂ ಓದಿದ ನಾವು ಅವುಗಳನ್ನು ಒಂದೇ ಚರಿತ್ರೆಯ ಎರಡು ದೃಶ್ಯಗಳೆಂದು ಗ್ರಹಿಸಲಿಲ್ಲ. ಕಾರ್ಮಿಕ ಖಾತೆಯ ಅಂಬೇಡ್ಕರ್ ನಮ್ಮ ಆಚರಣೆಗಳಲ್ಲಿ ಜೀವಂತವಾಗಿದ್ದಿದ್ದರೆ, ಆ ಅಧಿಸೂಚನೆಯ ಅರ್ಥವೇನೆಂದು ಕಾರ್ಮಿಕರಿಗೆ ವಿವರಿಸುವ, ಅವರ ಆತಂಕವನ್ನು ಅರ್ಜಿಯ ರೂಪಕ್ಕೆ ತರುವ ಸ್ವಯಂಸೇವಕರು ಕಾರ್ಖಾನೆಯ ಬಾಗಿಲಲ್ಲಿ ಮೊದಲೇ ಇರುತ್ತಿದ್ದರು.

ಆದ್ದರಿಂದ ಜಯಂತಿಯ ಸ್ವಯಂಸೇವೆಯು ಹಕ್ಕಿನ ನೆರವಾಗಿ ಮರುರೂಪಗೊಳ್ಳಬೇಕು. ಷಾಮಿಯಾನದ ಒಂದು ಮೂಲೆಯಲ್ಲಿ ಮೇಜು ಹಾಕಿ ಪಿ.ಎಫ್. ಖಾತೆಯ ವಿವರ ತೋರಿಸಿಕೊಡುವುದು, ವೇತನ ಚೀಟಿಯನ್ನು ಓದಿ ಕನಿಷ್ಠ ವೇತನ ಸಿಕ್ಕಿದೆಯೇ ಎಂದು ಲೆಕ್ಕ ಹಾಕಿಕೊಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು, ಸಾಗುವಳಿ ಚೀಟಿ ಮತ್ತು ಪಹಣಿಗಳನ್ನು ಹೋಲಿಸಿ ಮುಂದಿನ ದಾರಿ ಸೂಚಿಸುವುದು, ಇವೆಲ್ಲ ಲೆಕ್ಕ ಬಲ್ಲ, ಕಾನೂನು ಬಲ್ಲ, ಕಂಪ್ಯೂಟರ್ ಬಲ್ಲ ಜನ ಹೇರಳವಾಗಿರುವ ಈ ಪ್ರದೇಶದಲ್ಲಿ ಕಷ್ಟಸಾಧ್ಯವಲ್ಲ. ಗೋಡೆಗೆ ಬಣ್ಣ ಬಳಿಯುವ ಉದ್ಯೋಗಿಯಲ್ಲಿರುವ ವಿಶೇಷ ಪರಿಣತಿ ಬಣ್ಣ ಬಳಿಯುವುದಲ್ಲ. ಅವನ ನಿಜವಾದ ವಿದ್ಯೆಯೇ ಕೇರಿಗೆ ತಲುಪಬೇಕಾದದ್ದು.

ಇದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಹಬ್ಬದ ಸಂಭ್ರಮವನ್ನು ಅರ್ಜಿ ನಮೂನೆಗಳು ಕೆಡಿಸುತ್ತವೆಂಬುದು ಮೊದಲನೆಯದು. ಆದರೆ ಸಂಭ್ರಮ ಮತ್ತು ಹಕ್ಕು ಪರಸ್ಪರ ವಿರೋಧಿಗಳಲ್ಲವೆಂಬುದನ್ನು ಕೇರಿಯ ಮೆರವಣಿಗೆಯೇ ತೋರಿಸಿಕೊಟ್ಟಿದೆ. ತಮಟೆಯ ಸದ್ದು ಜನರನ್ನು ಸೇರಿಸಿದ ಕಡೆಯಲ್ಲಿಯೇ ಮೇಜು ಹಾಕುವುದು ಸುಲಭ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ತನ್ನದೇ ಗುತ್ತಿಗೆ ಕಾರ್ಮಿಕರು ಹಕ್ಕು ಕೇಳುವಂತಾಗುವ ಸೇವೆಗೆ ಯಾವ ಕಂಪನಿ ಹಣ ಕೊಟ್ಟೀತು? ಬಹುಮಟ್ಟಿಗೆ ಕೊಡಲಾರದು. ಹಾಗಾಗಿಯೇ ಈ ಕೆಲಸ ಪ್ರಾಯೋಜಕರ ಕೃಪೆಯಲ್ಲಿ ನಡೆಯಬಾರದು. ಕೇರಿಯ ಸಂಘಗಳ, ನೌಕರರ ಸಂಘಗಳ ನೇತೃತ್ವದಲ್ಲಿಯೇ ನಡೆಯಬೇಕು. ಕಂಪನಿಯ ಉದ್ಯೋಗಿ ಅಲ್ಲಿಗೆ ಸಂಸ್ಥೆಯ ಅಂಗಿ ತೊಟ್ಟ ದಾನಿಯಾಗಿ ಬರದೆ, ಕೆಲಸ ವಹಿಸಿಕೊಳ್ಳುವ ಸಹನಾಗರಿಕನಾಗಿ ಬರಬೇಕು. ಏಪ್ರಿಲ್ 14ರಂದು ಕಾಯಂ ನೌಕರನಿಗೆ ದೊರೆಯುವ ಬಿಡುವು ಗುತ್ತಿಗೆಯ ಕಾವಲುಗಾರನಿಗೂ ಸಂಬಳ ಸಹಿತವಾಗಿ ದೊರೆಯುತ್ತದೆಯೇ ಎಂಬ ಪ್ರಶ್ನೆಯನ್ನು ಅವನು ತನ್ನ ಸಂಸ್ಥೆಯೊಳಗೆ ಕೇಳಿದರೆ ಅದೇ ಅವನ ಮೊದಲ ಸೇವೆ.

ಕನ್ನಡ ಅಧ್ಯಯನ ವಿಭಾಗಗಳಿಗೂ ಇಲ್ಲಿ ಹೊಣೆಯಿದೆ. 1970ರ ದಶಕದ ದಲಿತ ಚಳವಳಿಯನ್ನು ಕಟ್ಟಿದವರಲ್ಲಿ ಭದ್ರಾವತಿಯಂತಹ ಕೈಗಾರಿಕಾ ಪಟ್ಟಣದ ಅಧ್ಯಾಪಕ ಬಿ. ಕೃಷ್ಣಪ್ಪನವರಿದ್ದರು, ಬೆಂಗಳೂರಿನ ಕೊಳೆಗೇರಿಯ ಬದುಕನ್ನು ಬಲ್ಲ ಸಿದ್ಧಲಿಂಗಯ್ಯನವರು ಮುಂದೆ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು. ತರಗತಿಗೂ ಕೇರಿಗೂ ನಡುವೆ ಇದ್ದ ಆ ದಾರಿ ಇಂದು ಪಠ್ಯಕ್ರಮದ ಪುಟಗಳಲ್ಲಿ ಮಾತ್ರ ಉಳಿಯುತ್ತಿದೆ. ಜಯಂತಿಯ ಕರಪತ್ರಗಳು, ಆಹ್ವಾನ ಪತ್ರಿಕೆಗಳು, ಸಂಘಗಳ ನಡವಳಿ ಪುಸ್ತಕಗಳು, ಹಿರಿಯ ಕಾರ್ಮಿಕರ ನೆನಪುಗಳು ನಮ್ಮ ಕ್ಷೇತ್ರಕಾರ್ಯದ ಸಾಮಗ್ರಿಯಾಗಬೇಕು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ಹಳ್ಳಿಗಳಿಗೆ ಕೊಂಡೊಯ್ಯುವ ನಾವು ಪೀಣ್ಯದ ಬಾಡಿಗೆ ವಠಾರಗಳಿಗೂ, ಹೆಬ್ಬಗೋಡಿಯ ಕಾರ್ಮಿಕರ ಕೋಣೆಗಳಿಗೂ ಒಯ್ಯಬಹುದು. ಸರ್ಕಾರಿ ಆದೇಶದ ಕನ್ನಡವನ್ನು ಕಾರ್ಮಿಕ ಮಹಿಳೆಗೆ ಅರ್ಥವಾಗುವ ಕನ್ನಡಕ್ಕೆ ತರಬಲ್ಲ ವಿದ್ಯಾರ್ಥಿಗಳು ನಮ್ಮಲ್ಲಿಯೇ ಇದ್ದಾರೆ. ಆ ಕೆಲಸಕ್ಕೆ ಅವರನ್ನು ಕಳುಹಿಸುವುದರಿಂದ ಕನ್ನಡಕ್ಕೂ ಲಾಭ, ಹಕ್ಕಿಗೂ ಲಾಭ. ಮುಂದಿನ ಏಪ್ರಿಲ್‌ಗೆ ಇನ್ನೂ ಸಮಯವಿದೆ. ಒಂದು ವಿಭಾಗ, ಒಂದು ಕೇರಿ, ಒಂದು ಮೇಜು ಎಂಬಷ್ಟರಿಂದಲೇ ಇದನ್ನು ಆರಂಭಿಸಬಹುದು.